ಹೋದದ್ದು ಹೋಯಿತು ಎನ್ನುವ ಮುನ್ನ

ಜಾತ್ರೆಯ ನೂಕುನುಗ್ಗಲು, ಮೆಜೆಸ್ಟಿಕ್‌ನ ಬಸ್ಸು, ಮದುವೆ ಮನೆಯ ಊಟದ ಪಂಕ್ತಿ, ಆಸ್ಪತ್ರೆಯ ಚೀಟಿಯ ಸಾಲು... ಮೊಬೈಲ್ ಕಳೆಯುವುದು ನಮ್ಮ ಗಮನ ಬೇರೆಡೆ ಇರುವ ಇಂಥ ಕಡೆಗಳಲ್ಲೇ. ಗೊತ್ತಾದ ಕೂಡಲೇ ಪಕ್ಕದವರ ಫೋನಿನಿಂದ ರಿಂಗ್ ಕೊಡುತ್ತೇವೆ. ‘ಸ್ವಿಚ್ ಆಫ್ ಆಗಿದೆ’ ಎಂಬ ದನಿ ಕೇಳಿದರೆ ಕೈಚೆಲ್ಲುತ್ತೇವೆ. ಠಾಣೆಗೆ ಅಲೆದು ಏನು ಪ್ರಯೋಜನ, ಹೋದದ್ದು ಹೋಯಿತು ಎಂದು ಹೊಸ ಫೋನಿನ ಕಂತಿನ ಲೆಕ್ಕಕ್ಕೆ ಕೂರುತ್ತೇವೆ. ಅಷ್ಟು ಬೇಗ ಆಸೆ ಬಿಡಬೇಕಿಲ್ಲ. ಸಿಮ್ ಕಿತ್ತೆಸೆದ ಫೋನನ್ನೂ ಪತ್ತೆ ಹಚ್ಚುವ ವ್ಯವಸ್ಥೆ ಈಗ ಇದೆ. ಯಾವುದನ್ನು ಮೊದಲು ಮಾಡಬೇಕು, ಯಾವುದನ್ನು ಕೊನೆಗೆ ಎಂಬುದು ತಿಳಿದಿರಬೇಕು.

ಮೊದಲು ನಕ್ಷೆ

ಆಂಡ್ರಾಯ್ಡ್ ಫೋನಾದರೆ ಗೂಗಲ್‌ನ ‘ಫೈಂಡ್ ಹಬ್’ ಇದೆ. 2025ಕ್ಕೆ ಮೊದಲು ಇದನ್ನೇ ‘ಫೈಂಡ್ ಮೈ ಡಿವೈಸ್’ ಎನ್ನುತ್ತಿದ್ದರು. ಐಫೋನಾದರೆ ಆಪಲ್‌ನ ‘ಫೈಂಡ್ ಮೈ’. ಮನೆಯವರ ಫೋನಿನಲ್ಲೋ ಕಚೇರಿಯ ಕಂಪ್ಯೂಟರಿನಲ್ಲೋ ಇದನ್ನು ತೆರೆದು ನಿಮ್ಮ ಖಾತೆಗೆ ಲಾಗಿನ್ ಆದರೆ ಫೋನ್ ಇರುವ ಜಾಗ, ಅಥವಾ ಅದು ಕೊನೆಯದಾಗಿ ಕಂಡ ಜಾಗ, ನಕ್ಷೆಯಲ್ಲಿ ಕಾಣುತ್ತದೆ. ಆಂಡ್ರಾಯ್ಡ್ ಫೋನು ಸೈಲೆಂಟ್‌ನಲ್ಲಿದ್ದರೂ 5 ನಿಮಿಷ ಜೋರಾಗಿ ಕೂಗುವಂತೆ ಮಾಡಬಹುದು. ಸೋಫಾದ ಸಂದಿಯಲ್ಲೋ ಆಟೊದ ಸೀಟಿನ ಮೇಲೋ ಬಿದ್ದಿದ್ದರೆ ಅಷ್ಟರಲ್ಲೇ ಸಿಕ್ಕೀತು. ಸಿಗದಿದ್ದರೆ ಅಲ್ಲಿಂದಲೇ ಲಾಕ್ ಮಾಡಿ, ಪರದೆಯ ಮೇಲೆ ಮನೆಯವರ ನಂಬರ್ ಮೂಡುವಂತೆ ಮಾಡಿ. ಸಿಕ್ಕವರು ಒಳ್ಳೆಯವರಾದರೆ ಆ ನಂಬರಿಗೆ ಕರೆ ಬರುತ್ತದೆ.

ಇದೇ ಪುಟದಲ್ಲಿ ಎಲ್ಲವನ್ನೂ ಅಳಿಸಿಹಾಕುವ ಆಯ್ಕೆಯೂ ಇರುತ್ತದೆ. ಗಾಬರಿಯಲ್ಲಿ ಅದನ್ನು ಒತ್ತಬೇಡಿ. ಅಳಿಸಿದ ಮೇಲೆ ಆಂಡ್ರಾಯ್ಡ್ ಫೋನು ನಕ್ಷೆಯಲ್ಲಿ ಕಾಣುವುದಿಲ್ಲ. ಅದು ಕಟ್ಟಕಡೆಯ ಅಸ್ತ್ರ.

ಇನ್ನೊಂದು ಎಚ್ಚರಿಕೆ. ನಕ್ಷೆಯ ಚುಕ್ಕಿ ಓಣಿಯನ್ನು ತೋರಿಸೀತು, ಕಟ್ಟಡವನ್ನೂ ತೋರಿಸೀತು. ನಾಲ್ಕು ಮಹಡಿಯ ವಠಾರದಲ್ಲಿ ಯಾವ ಮಹಡಿ, ಯಾವ ಬಾಗಿಲು ಎಂದು ಹೇಳುವುದಿಲ್ಲ. ಚುಕ್ಕಿಯನ್ನು ನಂಬಿ ಒಬ್ಬರೇ ಹೋಗಿ ಬಾಗಿಲು ಬಡಿದರೆ ನಿಮಗೂ ಅಪಾಯ, ಏನೂ ಅರಿಯದ ಮನೆಯವರಿಗೂ ಅವಮಾನ. ಸ್ಕ್ರೀನ್‌ಶಾಟ್ ತೆಗೆದು ಪೊಲೀಸರಿಗೆ ಕೊಡಿ.

ಫೋನಿಗಿಂತ ಸಿಮ್ ದುಬಾರಿ

ಕಳ್ಳ ನಿಮ್ಮ ಸಿಮ್ ತೆಗೆದು ತನ್ನ ಫೋನಿಗೆ ಹಾಕಿಕೊಂಡರೆ ಬ್ಯಾಂಕಿನ ಒಟಿಪಿಗಳೆಲ್ಲ ಅವನ ಕೈಗೆ. ಹಾಗಾಗಿ ಟೆಲಿಕಾಂ ಕಂಪನಿಯ ಸಹಾಯವಾಣಿಗೆ ಕರೆ ಮಾಡಿ ಸಿಮ್ ಬ್ಲಾಕ್ ಮಾಡಿಸುವುದಕ್ಕೆ ತಡ ಮಾಡಬೇಡಿ. ಬ್ಯಾಂಕಿಗೆ ತಿಳಿಸಿ ಯುಪಿಐ ನಿಲ್ಲಿಸಿ. ಹಣ ಹೋಗಿರುವುದು ಕಂಡರೆ ಆ ಕ್ಷಣವೇ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ. ನಂತರ ಅದೇ ನಂಬರಿನ ಹೊಸ ಸಿಮ್ ಪಡೆಯಿರಿ.

15 ಅಂಕಿಗಳ ಗುರುತು

ಫೋನನ್ನು ಆಫ್ ಮಾಡಿದರೆ ನಕ್ಷೆಯ ಹುಡುಕಾಟ ಬಹುತೇಕ ಅಲ್ಲಿಗೇ ನಿಲ್ಲುತ್ತದೆ. ಆಗ ಕೆಲಸಕ್ಕೆ ಬರುವುದು ಐಎಂಇಐ. ಪ್ರತಿ ಫೋನಿಗೂ ತಯಾರಿಕೆಯಲ್ಲೇ ಬರುವ 15 ಅಂಕಿಗಳ ಸಂಖ್ಯೆ ಇದು. ಎರಡು ಸಿಮ್‌ನ ಫೋನಿಗೆ ಇಂಥವು ಎರಡು. ಡಬ್ಬಿಗೆ ಅಂಟಿಸಿದ ಚೀಟಿಯಲ್ಲಿ, ಬಾರ್‌ಕೋಡ್ ಗೆರೆಗಳ ಹತ್ತಿರ ಸಣ್ಣಕ್ಷರದಲ್ಲಿ ಇರುತ್ತದೆ. ಬಿಲ್ಲಿನಲ್ಲೂ ಸಾಮಾನ್ಯವಾಗಿ ಬರೆದಿರುತ್ತಾರೆ. ಸಿಮ್ ಬದಲಿಸಿದರೂ ಈ ಸಂಖ್ಯೆ ಬದಲಾಗದು.

ಕಳೆದ ಫೋನನ್ನು ಬ್ಲಾಕ್ ಮಾಡಿ ಪತ್ತೆಗೆ ನೆರವಾಗುವ, ಕೇಂದ್ರ ದೂರಸಂಪರ್ಕ ಇಲಾಖೆಯ ಸಿಇಐಆರ್ ವ್ಯವಸ್ಥೆ ನಿಂತಿರುವುದು ಇದರ ಮೇಲೆಯೇ. 2023ರ ಮೇ ತಿಂಗಳಲ್ಲಿ ‘ಸಂಚಾರ್ ಸಾಥಿ’ ಪೋರ್ಟಲ್ ಮೂಲಕ ಇದು ದೇಶಕ್ಕೆಲ್ಲ ದೊರೆಯಿತು. ಅದಕ್ಕೂ ಮೊದಲೇ ಪ್ರಾಯೋಗಿಕವಾಗಿ ಬಂದ ರಾಜ್ಯಗಳಲ್ಲಿ ಕರ್ನಾಟಕವೂ ಒಂದು. ಆ ಹೊತ್ತಿಗಾಗಲೇ ನಮ್ಮ ಪೊಲೀಸರು ಇದರ ನೆರವಿನಿಂದ 2,500ಕ್ಕೂ ಹೆಚ್ಚು ಫೋನುಗಳನ್ನು ವಾರಸುದಾರರಿಗೆ ಮರಳಿಸಿದ್ದರು.

ಕ್ರಮ ಸರಳ. ಮೊದಲು ಪೊಲೀಸ್ ದೂರು. ಕಳೆದುಹೋಗಿದ್ದರೆ ರಾಜ್ಯ ಪೊಲೀಸರ ಇ-ಲಾಸ್ಟ್‌ನಲ್ಲಿ ಮನೆಯಿಂದಲೇ ದಾಖಲಿಸಬಹುದು, ಕಳವಾಗಿದ್ದರೆ ಠಾಣೆಗೆ ಹೋಗಬೇಕು. ದೂರಿನ ಪ್ರತಿ, ಗುರುತಿನ ಚೀಟಿ, ಬಿಲ್ಲು, ಐಎಂಇಐ ಇಟ್ಟುಕೊಂಡು ಪೋರ್ಟಲ್‌ನಲ್ಲಿ ಅರ್ಜಿ ತುಂಬಿ. ಒಟಿಪಿ ಬೇಕಾಗುತ್ತದೆ. ಹೊಸ ಸಿಮ್‌ಗೆ ಎಸ್ಎಂಎಸ್ ಬರಲು 24 ಗಂಟೆ ಹಿಡಿಯಬಹುದು, ಕಾಯಿರಿ. ಅರ್ಜಿ ಒಪ್ಪಿತವಾದರೆ ಫೋನು ದೇಶದ ಯಾವ ನೆಟ್‌ವರ್ಕ್‌ನಲ್ಲೂ ನಡೆಯುವುದಿಲ್ಲ. ಯಾರಾದರೂ ಅದಕ್ಕೆ ಸಿಮ್ ಹಾಕಿದರೆ ಪೊಲೀಸರಿಗೆ ಸುಳಿವು ಹೋಗುತ್ತದೆ. ವಾಪಸ್ ಸಿಕ್ಕಾಗ ಅದೇ ಪೋರ್ಟಲ್‌ನಲ್ಲಿ ಬ್ಲಾಕ್ ತೆಗೆಸಬೇಕು.

ಕಳೆದದ್ದು ಸ್ಮಾರ್ಟ್‌ಫೋನೇ ಆಗಬೇಕೆಂದಿಲ್ಲ, ಅದರಲ್ಲಿ ಇಂಟರ್ನೆಟ್ಟೂ ಇರಬೇಕಿಲ್ಲ. ಗಾರೆ ಕೆಲಸದವರ, ತರಕಾರಿ ಮಾರುವ ಅಜ್ಜಿಯ ಗುಂಡಿ ಫೋನಿಗೂ ಐಎಂಇಐ ಉಂಟು. ಲಕ್ಷದ ಫೋನಿಗೂ ಸಾವಿರದ ಫೋನಿಗೂ ಇಲ್ಲಿ ಒಂದೇ ನ್ಯಾಯ.

ಮೋಸದ ಕೊಂಡಿಗಳು

ಕಳೆದುಕೊಂಡವರ ಸಂಕಟವನ್ನೇ ಬಂಡವಾಳ ಮಾಡಿಕೊಂಡವರಿದ್ದಾರೆ. ನಂಬರ್ ಹಾಕಿದರೆ ಜಾಗ ತೋರಿಸುತ್ತೇವೆ ಎಂದು ಹಣ ಕೇಳುವ ಆ್ಯಪ್‌ಗಳನ್ನು ನಂಬಬೇಡಿ. ಟವರ್ ಮಾಹಿತಿ ಇರುವುದು ಟೆಲಿಕಾಂ ಕಂಪನಿಯ ಬಳಿ. ಅದನ್ನು ತರಿಸಿಕೊಳ್ಳುವ ಅಧಿಕಾರ ಪೊಲೀಸರಂಥ ತನಿಖಾ ಸಂಸ್ಥೆಗಳದ್ದು. ‘ನಿಮ್ಮ ಫೋನ್ ಸಿಕ್ಕಿದೆ, ಈ ಕೊಂಡಿ ಒತ್ತಿ’ ಎಂಬ ಸಂದೇಶ ಬಂದರೆ ಅದು ಪಾಸ್‌ವರ್ಡ್ ಕದಿಯುವ ಬಲೆ. ಸೆಕೆಂಡ್ ಹ್ಯಾಂಡ್ ಫೋನ್ ಕೊಳ್ಳುವವರೂ ಎಚ್ಚರ ವಹಿಸಿ. ಕೆವೈಎಂ ಎಂದು ಇಂಗ್ಲಿಷ್ ಅಕ್ಷರಗಳಲ್ಲಿ ಬರೆದು, ಜಾಗ ಬಿಟ್ಟು, ಐಎಂಇಐ ಸೇರಿಸಿ 14422ಕ್ಕೆ ಎಸ್ಎಂಎಸ್ ಮಾಡಿದರೆ ಆ ಫೋನಿನ ಜಾತಕ ತಿಳಿಯುತ್ತದೆ. ಕದ್ದ ಮಾಲು ಕೊಳ್ಳುವವರಿಲ್ಲದಿದ್ದರೆ ಕದಿಯುವವರೂ ಕಡಿಮೆಯಾಗುತ್ತಾರೆ.

ಓದುಗರಲ್ಲಿ ಒಂದೇ ಕೋರಿಕೆ. ಪತ್ರಿಕೆ ಕೆಳಗಿಡುವ ಮೊದಲು ನಿಮ್ಮ ಫೋನಿನಲ್ಲಿ *#06# ಒತ್ತಿ. ಕಾಣುವ ಸಂಖ್ಯೆಗಳನ್ನು ಡೈರಿಯಲ್ಲಿ ಬರೆದಿಡಿ. ಫೈಂಡ್ ಹಬ್ ಅಥವಾ ಫೈಂಡ್ ಮೈ ಆನ್ ಆಗಿದೆಯೇ ನೋಡಿ. ಲಾಗಿನ್ ಕೋಡ್ ಕಳೆದ ಫೋನಿಗೇ ಬಂದು ಕೂರದಂತೆ, ಖಾತೆಗೆ ಮನೆಯ ಇನ್ನೊಬ್ಬರ ನಂಬರನ್ನೂ ಸೇರಿಸಿ. ಬಿಲ್ಲನ್ನೂ ಡಬ್ಬಿಯನ್ನೂ ಎಸೆಯಬೇಡಿ. ಮನೆಯ ಹಿರಿಯರ ಫೋನಿಗೂ, ಮನೆಗೆಲಸಕ್ಕೆ ಬರುವವರ ಫೋನಿಗೂ ಇಷ್ಟನ್ನು ನೀವೇ ಮಾಡಿಕೊಡಿ.