ಕೊಳಾರಕ್ಕೆ ಕಡಲು ಬಂದ ಬಗೆ

ಮಂಗಳೂರಿನ ಮೀನುಗಾರಿಕಾ ಕಾಲೇಜು ಶುರುವಾದದ್ದು 1969ರಲ್ಲಿ. ಇಂದು ಅಲ್ಲಿ ಓದಿದವರಿಗೆ ಪದವಿ ಕೊಡುವ ವಿಶ್ವವಿದ್ಯಾಲಯ ಇರುವುದು ಮಾತ್ರ ನಮ್ಮ ಬೀದರಿನ ನಂದಿನಗರದಲ್ಲಿ. ಇಲ್ಲಿಂದ ಪೂರ್ವಕ್ಕೆ ಹೋದರೂ ಪಶ್ಚಿಮಕ್ಕೆ ಹೋದರೂ ಕಡಲು 400 ಕಿಲೋಮೀಟರಿಗೆ ಕಡಿಮೆಯಿಲ್ಲ. ಆದರೂ ಪಕ್ಕದ ಕೊಳಾರದಲ್ಲಿ ಯಾರಾದರೂ ಮನೆಯ ಹಾಲ್‌ನಲ್ಲಿ ಉಪ್ಪುನೀರಿನ ಟ್ಯಾಂಕ್ ಇಟ್ಟು ಕೊಳವೆ ಹುಳು ಸಾಕುತ್ತೇನೆ ಎಂದರೆ ಅದು ಆಗದ ಮಾತಲ್ಲ. ಅಷ್ಟರಮಟ್ಟಿಗೆ ದಾರಿ ಸವೆದಿದೆ.

ಈ ಹುಳುವಿನ ಮೈ ಕಾಣಿಸುವುದೇ ಇಲ್ಲ. ತಾನೇ ಕಟ್ಟಿಕೊಂಡ ಕೊಳವೆಯೊಳಗೆ ಅದು ಅಡಗಿರುತ್ತದೆ, ಹೊರಗೆ ಬಿಚ್ಚಿಕೊಂಡಿರುವುದು ಬೀಸಣಿಗೆಯಂಥ ಗರಿಗಳು ಮಾತ್ರ. ಗಾಜಿನ ಮೇಲೆ ನಿಮ್ಮ ಕೈಯ ನೆರಳು ಬಿದ್ದರೆ ಸಾಕು, ರೆಪ್ಪೆ ಮಿಟುಕಿಸುವಷ್ಟರಲ್ಲಿ ಗರಿ ಮಾಯ. ಉಸಿರಾಟಕ್ಕೂ ಊಟಕ್ಕೂ ಅದೇ ಗರಿ. ನೀರಿನಲ್ಲಿ ತೇಲಿಬಂದ ಕಣಗಳನ್ನು ಹಿಡಿದು, ಅತಿ ನವುರಾದದ್ದನ್ನು ಬಾಯಿಗೆ ಸಾಗಿಸುತ್ತದೆ, ದಪ್ಪ ಕಣವನ್ನು ಆಚೆ ತಳ್ಳುತ್ತದೆ, ನಡುವಿನದನ್ನು ಲೋಳೆಯೊಡನೆ ಕಲಸಿ ಕೊಳವೆ ಕಟ್ಟಲು ಬಳಸುತ್ತದೆ. ಎಷ್ಟು ನೋಡಿದರೂ ನನಗೆ ಸಾಕಾಗದ ಕೆಲಸ ಇದು.

ಕಡಲ ಜೀವಿಗಳನ್ನು ಮನೆಯಲ್ಲಿ ಉಳಿಸಿಕೊಂಡ ಮೊದಲಿಗರಲ್ಲಿ ಆನಾ ಥಿನ್ ಎಂಬ ಬ್ರಿಟಿಷ್ ಹೆಣ್ಣುಮಗಳು ಒಬ್ಬಳು. 1846ರಲ್ಲಿ ಟಾರ್ಕಿ ಎಂಬ ಕಡಲೂರಿನಿಂದ ಲಂಡನ್ನಿಗೆ ಹವಳ ತಂದಳು. ನೀರಿಗೆ ಗಾಳಿ ಸೇರಲೆಂದು ಮನೆಗೆಲಸದವಳು ಕಿಟಕಿಯ ಬಳಿ ನಿಂತು ನೀರನ್ನು ಒಂದು ಪಾತ್ರೆಯಿಂದ ಇನ್ನೊಂದಕ್ಕೆ ಸುರಿಯುತ್ತಿದ್ದಳು. ಇಂದಿನ ಏರ್ ಪಂಪಿನ ಕೆಲಸವನ್ನು ಅಂದು ಮಾಡಿದ ಆ ಕೈಗಳಿಗೆ ಈ ಚರಿತ್ರೆಯಲ್ಲಿ ಹೆಸರೂ ಸಿಗಲಿಲ್ಲ. 1853ರಲ್ಲಿ ಲಂಡನ್ ಮೃಗಾಲಯದಲ್ಲಿ ಸಾರ್ವಜನಿಕ ಮತ್ಸ್ಯಾಲಯ ತೆರೆಯಿತು. ಅದಕ್ಕೆ ದುಡಿದ ಫಿಲಿಪ್ ಹೆನ್ರಿ ಗಾಸ್ ಮರುವರ್ಷ ಅಡುಗೆ ಉಪ್ಪು, ಮೆಗ್ನೀಸಿಯಂ, ಪೊಟ್ಯಾಸಿಯಂ ಲವಣಗಳನ್ನು ಅಳತೆಯಂತೆ ಬೆರೆಸಿ ಕಡಲ ನೀರು ತಯಾರಿಸುವ ವಿಧಾನ ಪ್ರಕಟಿಸಿದ. ಕೊಳಾರಕ್ಕೆ ಕಡಲು ಹೊರಟದ್ದು ಅಲ್ಲಿಂದಲೇ ಎನ್ನಬೇಕು.

ಆಮೇಲಿನ ಕಥೆಯ ಬಹುಪಾಲು ನೀರನ್ನು ಚೊಕ್ಕಟ ಮಾಡುವ ಕಥೆ. ಅದರಲ್ಲಿ ದೊಡ್ಡ ಹೆಜ್ಜೆ ಜರ್ಮನ್ನರು ಬಳಕೆಗೆ ತಂದ ಪ್ರೋಟೀನ್ ಸ್ಕಿಮ್ಮರ್. ಗಾಳಿಗುಳ್ಳೆಗೆ ಅಂಟಿದ ಜಿಡ್ಡನ್ನು ಅದು ನೊರೆಯಾಗಿ ಹೊರಹಾಕುತ್ತದೆ. ಹವಳಕ್ಕೆ, ಮೀನಿಗೆ ಇದು ವರವೇ ಆಯಿತು. ಕೊಳವೆ ಹುಳುವಿಗೆ ಮಾತ್ರ ತಟ್ಟೆ ಬರಿದಾಯಿತು. ನೀರು ಥಳಥಳ ಹೊಳೆಯುವ ಟ್ಯಾಂಕಿನಲ್ಲಿ ಈ ಹುಳು ತಿಂಗಳುಗಟ್ಟಲೆ ಉಪವಾಸ ಬಿದ್ದು ಸಾಯುವುದುಂಟು, ನೋಡುವವರಿಗೆ ಕಾರಣವೇ ಹೊಳೆಯುವುದಿಲ್ಲ.

ಆದ್ದರಿಂದ ವಾರಕ್ಕೆ ಎರಡು ಮೂರು ಸಲ ನ್ಯಾನೋಕ್ಲೋರಾಪ್ಸಿಸ್, ಐಸೋಕ್ರೈಸಿಸ್‌ನಂಥ ಸೂಕ್ಷ್ಮ ಪಾಚಿ ಹಾಕಿ, ಒಂದೆರಡು ಗಂಟೆ ಸ್ಕಿಮ್ಮರ್ ನಿಲ್ಲಿಸಬೇಕು. ನೀರು ಮೆಲ್ಲಗೆ ಹರಿಯುತ್ತಿರಲಿ. ಗರಿ ಕಳಚಿ ಬಿದ್ದರೆ ಹುಳು ಸತ್ತಿತೆಂದು ಎಸೆಯಬೇಡಿ, ಬದುಕಿದ್ದರೆ ಕೆಲವು ವಾರಗಳಲ್ಲಿ ಮತ್ತೆ ಚಿಗುರುತ್ತದೆ. ಚಿಗುರಿದ ಗರಿ ಮೊದಲಿಗಿಂತ ಚಿಕ್ಕದಾಗಿದ್ದರೆ ಅದು ಹೆಚ್ಚಾಗಿ ಹಸಿವಿನ ಗುರುತು.

ನಮ್ಮ ಕಡೆಯ ಬೇಸಿಗೆ ಬೇರೆ ಪರೀಕ್ಷೆ. ಟ್ಯಾಂಕಿಗೆ ಬೇಕಾದದ್ದು 25 ಡಿಗ್ರಿ ಆಸುಪಾಸು, ಮೇ ತಿಂಗಳಲ್ಲಿ ಬೀದರಿನ ಬಿಸಿಲು 40 ದಾಟುತ್ತದೆ. ಚಿಲ್ಲರ್ ಇಲ್ಲದೆ, ಕರೆಂಟ್ ಹೋದಾಗ ಇನ್ವರ್ಟರ್ ಇಲ್ಲದೆ ಈ ಕೆಲಸಕ್ಕೆ ಕೈಹಾಕಬಾರದು. ಆವಿಯಾಗುವುದು ನೀರೇ ಹೊರತು ಉಪ್ಪಲ್ಲ, ಹಾಗಾಗಿ ಕಡಿಮೆಯಾದಷ್ಟನ್ನು ದಿನವೂ ಆರ್‌ಓ ಸಿಹಿನೀರಿನಿಂದಲೇ ತುಂಬಿಸಿ, ಲೀಟರಿಗೆ 35 ಗ್ರಾಂ ಉಪ್ಪಿನ ಮಟ್ಟ ಕಾಯಬೇಕು. ಬೋರ್‌ವೆಲ್ ನೀರು ಬೇಡ. ಮೀನಿನ ರೋಗಕ್ಕೆಂದು ತಾಮ್ರದ ಔಷಧಿ ಹಾಕಿದರಂತೂ ಹುಳು ಉಳಿಯುವುದಿಲ್ಲ.

ಬಣ್ಣಬಣ್ಣದ ಕ್ರಿಸ್‌ಮಸ್ ಟ್ರೀ ಹುಳು ಎಲ್ಲರ ಕಣ್ಣು ಸೆಳೆಯುತ್ತದೆ. ಆದರೆ ಅದರ ಸುಣ್ಣದ ಕೊಳವೆ ಇರುವುದು ಜೀವಂತ ಹವಳದೊಳಗೆ, ಹುಳು ಬೇಕೆಂದರೆ ಹವಳವನ್ನೇ ಒಡೆದು ತರಬೇಕು. ಬಂಡೆ ಕಟ್ಟುವ ಹವಳಗಳನ್ನು 2001ರಲ್ಲಿ ವನ್ಯಜೀವಿ ಕಾಯ್ದೆಯ ಮೊದಲ ಅನುಸೂಚಿಗೆ ಸೇರಿಸಿದ್ದಾರೆ, ಹುಲಿಗಿರುವ ರಕ್ಷಣೆಯೇ ಅವಕ್ಕೂ ಇದೆ. ಅಂಗಡಿಯವರು ಕಲ್ಲು ಸಮೇತ ತರಿಸಿಕೊಡುತ್ತೇವೆ ಎಂದರೆ ಬೇಡ ಎನ್ನಿ. ಆಸೆಯಿದ್ದವರು ತೊಗಲಿನಂಥ ಕೊಳವೆಯ ಗರಿಹುಳು ಒಂದನ್ನು ತರಲಿ, ಅದನ್ನೂ ಟ್ಯಾಂಕ್ ಆರು ತಿಂಗಳು ಹಳತಾದ ಮೇಲೆ.