ನಲ್ಲಮಲದ ಹಾದಿಯಲ್ಲಿ ಮಲ್ಲಯ್ಯ

ಹೋಳಿ ಹುಣ್ಣಿಮೆಯ ಆಸುಪಾಸಿಗೆ ಬಿಸಿಲು ಬಲಿಯುತ್ತಿದ್ದಂತೆ ಬಾಗಲಕೋಟೆ, ವಿಜಯಪುರ, ಬೆಳಗಾವಿ ಸೀಮೆಯ ರಸ್ತೆಗಳೆಲ್ಲ ಮೂಡಣಕ್ಕೆ ಮುಖಮಾಡಿ ನಡೆಯತೊಡಗುತ್ತವೆ. ಹಣೆಯಲ್ಲಿ ವಿಭೂತಿ, ಕೈಯಲ್ಲಿ ಬೆತ್ತ, ಬಗಲಲ್ಲಿ ಒಂದು ಜೋಳಿಗೆ. ಮುಂದೆ ಕಂಬಿ ಹೊತ್ತವರು, ಅವರ ಹಿಂದೆ ಊರಿನ ಓಣಿಗೆ ಓಣಿಯೇ. ಹರಕೆ ಹೊತ್ತ ಕೆಲವರು ಮರಗಾಲು ಕಟ್ಟಿಕೊಂಡು ಹೊರಟಿರುತ್ತಾರೆ. ಎಪ್ಪತ್ತರ ಅಜ್ಜಿ ಮೊಮ್ಮಗನ ಹೆಗಲು ಹಿಡಿದು ಹೆಜ್ಜೆ ಹಾಕುತ್ತಾಳೆ. ಗುಂಪಿನ ಒಳಗಿಂದ ಒಬ್ಬ ‘ಉಘೇ ಉಘೇ ಮಲ್ಲಯ್ಯ’ ಎಂದು ಕೂಗು ಹಾಕಿದರೆ ಸಾಕು, ದಣಿದ ಕಾಲುಗಳಿಗೆ ಮತ್ತೆ ಒಂದು ಹರದಾರಿಯ ಕಸುವು ಬರುತ್ತದೆ.

ಇವರೆಲ್ಲ ಹೊರಟಿರುವುದು ಶ್ರೀಶೈಲಕ್ಕೆ. ಯುಗಾದಿಗೆ ಅಲ್ಲಿರಬೇಕು. ದ್ವಾದಶ ಜ್ಯೋತಿರ್ಲಿಂಗಗಳಲ್ಲಿ ಒಂದಾದ ಮಲ್ಲಿಕಾರ್ಜುನನೇ ಈ ಮಲ್ಲಯ್ಯ, ಇವರ ಪಾಲಿಗೆ ಮನೆಯ ಅಳಿಯ. ಭ್ರಮರಾಂಬೆ ಕನ್ನಡ ನಾಡು ಕೊಟ್ಟ ಮಗಳು. ಹಬ್ಬಕ್ಕೆ ಮಗಳ ಮನೆಗೆ ಬರಿಗೈಯಲ್ಲಿ ಹೋಗುವುದುಂಟೆ? ಅದಕ್ಕೇ ಜೋಳಿಗೆಯಲ್ಲಿ ಸೀರೆ, ಕುಪ್ಪಸದ ಖಣ, ಹಸಿರು ಬಳೆ, ಅರಿಸಿನ, ಕುಂಕುಮ. ನಾನೂರು ಕಿಲೋಮೀಟರಿಗೂ ಮಿಕ್ಕಿದ ದೂರದಿಂದ ನಡೆದು ಬರುವವರಿದ್ದಾರೆ. ಬಸ್ಸಿದೆ, ಕಾರಿದೆ, ಆದರೂ ನಡೆಯುತ್ತಾರೆ.

ದಾರಿಯುದ್ದಕ್ಕೂ ಇವರಿಗಾಗಿ ಕಾದವರ ಸಾಲೇ ಬೇರೆ. ಹೊಲದ ಬದಿಗೆ, ಬೇವಿನ ಮರದ ಬುಡದಲ್ಲಿ, ಪೆಟ್ರೋಲ್ ಬಂಕಿನ ಅಂಗಳದಲ್ಲಿ ಶಾಮಿಯಾನ ಎದ್ದಿರುತ್ತದೆ. ವಾರಗಳ ಮೊದಲೇ ಊರಿನ ಮನೆಮನೆಯಲ್ಲಿ ತಟ್ಟಿ ಒಣಗಿಸಿದ ಖಡಕ್ ರೊಟ್ಟಿ ಟ್ರ್ಯಾಕ್ಟರಿನಲ್ಲಿ ಬಂದಿರುತ್ತದೆ. ಶೇಂಗಾ ಹಿಂಡಿ, ಗುರೆಳ್ಳು ಚಟ್ನಿ, ಬದನೆಕಾಯಿ ಎಣ್ಣೆಗಾಯಿ, ಗೋಧಿ ಹುಗ್ಗಿ, ಹಂಡೆ ತುಂಬ ಅಂಬಲಿ. ಸ್ವಯಂಸೇವೆ ಅನ್ನುವ ಪದ ಇಲ್ಲಿ ಯಾರ ಬಾಯಲ್ಲೂ ಬರುವುದಿಲ್ಲ, ಇದು ದಾಸೋಹ. ರಸ್ತೆಗೆ ಅಡ್ಡ ನಿಂತು ಕೈ ಹಿಡಿದು ಎಳೆಯುತ್ತಾರೆ: “ಬರ್ರಿ ಮಲ್ಲಯ್ಯ, ಎರಡು ತುತ್ತು ಉಂಡು ಹೋಗ್ರಿ.”

“ಈಗಷ್ಟೇ ಹಿಂದಿನ ಊರಾಗ ಊಟ ಆತ್ರಿ ಯವ್ವಾ.”

“ಅದು ಆ ಊರಿನ ಊಟ ಆತು. ನಮ್ಮೂರಿನದು ಆಗಬೇಕಲ್ಲ? ಕುಂದರ್ರಿ.”

ಉಂಡವರ ಕಾಲಿಗೆ ಒಬ್ಬ ತರುಣ ಬಿಸಿ ಉಪ್ಪುನೀರು ಹಾಕುತ್ತಾನೆ. ಇನ್ನೊಬ್ಬ ಎಣ್ಣೆ ತಿಕ್ಕುತ್ತಾನೆ. ಅಂಗಾಲಿನ ಬೊಬ್ಬೆ ಒಡೆದವರಿಗೆ ಮುಲಾಮು ಹಚ್ಚಿ ಪಟ್ಟಿ ಕಟ್ಟಲು ಡಾಕ್ಟರು ಸ್ವತಃ ನೆಲದ ಮೇಲೆ ಕುಳಿತಿರುತ್ತಾರೆ. ಕಾಲು ಯಾರದು, ಯಾವ ಊರಿನದು, ಯಾವ ಜಾತಿಯದು ಎಂದು ಕೇಳುವುದಿಲ್ಲ. ಬಂದವನು ಮಲ್ಲಯ್ಯ, ಅಷ್ಟು ಗೊತ್ತಿದ್ದರೆ ಸಾಕು. ಉಣ್ಣುವವನ ಕಣ್ಣಿಗೂ ಬಡಿಸುವ ತಾಯಿ ಬೇರೆಯಾಗಿ ಕಾಣುವುದಿಲ್ಲ. ಒಂದೇ ಪಂಕ್ತಿಯ ಎರಡು ತುದಿಗೆ ಕುಳಿತು ದೇವರು ದೇವರಿಗೆ ಉಣಬಡಿಸುತ್ತಿದ್ದಾನೆ ಎಂದು ನನಗೆ ಅಲ್ಲಿ ನಿಜವಾಗಿಯೂ ಅನ್ನಿಸಿದೆ.

ಈ ದಾಸೋಹದ ಬೇರು ಎಷ್ಟು ಆಳದ್ದು ಎಂದು ತಿಳಿಯಬೇಕಾದರೆ ಸೊನ್ನಲಿಗೆಯ ಸಿದ್ಧರಾಮನ ಕಥೆಗೆ ಹೋಗಬೇಕು. ರಾಘವಾಂಕ ‘ಸಿದ್ಧರಾಮ ಚಾರಿತ್ರ’ದಲ್ಲಿ ಹೇಳುವಂತೆ, ದನ ಕಾಯುತ್ತಿದ್ದ ಹುಡುಗನ ಮುಂದೆ ಒಬ್ಬ ಜಂಗಮ ಬಂದು ನಿಂತ. ಹಸಿದಿದ್ದ. ಹುಡುಗ ನವಣೆಯ ಎಳೆ ತೆನೆ ಸುಟ್ಟು ಕೊಟ್ಟ. ಇನ್ನಷ್ಟು ಬೇಕೆಂದಾಗ ಅನ್ನ ಮಜ್ಜಿಗೆ ತರಲು ಮನೆಗೆ ಓಡಿದ. ಮರಳಿ ಬರುವಷ್ಟರಲ್ಲಿ ಜಂಗಮ ಇಲ್ಲ. ‘ಮಲ್ಲಯ್ಯಾ’ ಎಂದು ಅಳುತ್ತ ಹುಡುಕುತ್ತಿದ್ದ ಹುಡುಗನನ್ನು ಯಾತ್ರಿಕರು ಶ್ರೀಶೈಲಕ್ಕೆ ಕರೆದೊಯ್ದರು. ಅಲ್ಲಿಯೂ ಕಾಣದೆ ಹುಡುಗ ಕೊಳ್ಳಕ್ಕೆ ಹಾರಲು ಹೊರಟಾಗ ಮಲ್ಲಯ್ಯನೇ ಕೈಹಿಡಿದ. ಮುದ್ದಿಸಿ, ಊರಿಗೆ ಹಿಂತಿರುಗಿಸಿದ. ಹಿಂದಿರುಗಿದ ಸಿದ್ಧರಾಮ ಜನರನ್ನು ಕೂಡಿಸಿ ಕೆರೆ ಕಟ್ಟಿಸಿದ. ಸೊನ್ನಲಿಗೆ ಎಂದರೆ ಇಂದಿನ ಸೊಲ್ಲಾಪುರ. ಅಲ್ಲಿನ ಸಿದ್ಧೇಶ್ವರ ಗುಡಿಯ ಸುತ್ತ ಆ ಕೆರೆಯ ನೀರು ಇಂದಿಗೂ ಇದೆ.

ಕರ್ನೂಲು ದಾಟಿ, ಆತ್ಮಕೂರಿನ ಆಚೆ ವೆಂಕಟಾಪುರ, ನಾಗಲೂಟಿ ಬಂದರೆ ಊರುಗಳು ಮುಗಿದವು. ಇನ್ನು ನಲ್ಲಮಲದ ಕಾಡು. ನಾಗಾರ್ಜುನಸಾಗರ–ಶ್ರೀಶೈಲ ಅರಣ್ಯ 1983ರಿಂದ ಹುಲಿ ಯೋಜನೆಗೆ ಸೇರಿದೆ. ನಮ್ಮ ದೇಶದ ಅತಿ ದೊಡ್ಡ ಹುಲಿಕಾಡುಗಳಲ್ಲೊಂದು. ಕಾಲ್ನಡಿಗೆಯ ಹಾದಿಯನ್ನು ಹಬ್ಬದ ಹೊತ್ತಿಗೆ ಕೆಲವೇ ದಿನ ತೆರೆಯುತ್ತಾರೆ. ಇದು ಮಲೆನಾಡಿನ ಹಸಿರು ಕಾಡಲ್ಲ. ಚೈತ್ರ ಹುಟ್ಟುವ ಮೊದಲು ತೇಗ, ಮತ್ತಿ, ದಿಂಡಿಗ ಎಲ್ಲ ಎಲೆ ಉದುರಿಸಿ ಬರಿಗೊಂಬೆಯಲ್ಲಿ ನಿಂತಿರುತ್ತವೆ. ಕಾಲಡಿಯ ತರಗೆಲೆ ಸದ್ದು ಮಾಡುತ್ತದೆ. ನಡುನಡುವೆ ಎಲೆಯೇ ಇಲ್ಲದ ಮುತ್ತುಗದ ಮರ ಮೈತುಂಬ ಕೆಂಡದ ಬಣ್ಣದ ಹೂ ಹೊತ್ತಿರುತ್ತದೆ. ಬೆಳಗಿನ ಜಾವ ಇಪ್ಪೆಯ ಹೂವು ಉದುರಿ ನೆಲವೆಲ್ಲ ಸಿಹಿ ವಾಸನೆ; ಅದಕ್ಕಾಗಿ ಕರಡಿ ಬರುತ್ತದೆ, ಜಿಂಕೆ ಬರುತ್ತದೆ. ನೀರಿಲ್ಲದ ನೆಲದಲ್ಲಿ, ಉರಿಬಿಸಿಲಲ್ಲಿ, ಒಂದು ಮರ ಇಷ್ಟು ಹೂವನ್ನು ಎಲ್ಲಿಂದ ತಂದಿತು ಎಂದು ನಿಂತು ನೋಡದೆ ಮುಂದೆ ಹೋಗಲಾಗುವುದಿಲ್ಲ.

ಕಾಲಡಿಯ ಕಲ್ಲಿನದು ಇನ್ನೂ ದೊಡ್ಡ ಕಥೆ. ಒಂದು ಕಾಲಕ್ಕೆ ಕಡಲ ತಳದಲ್ಲಿ ಪದರ ಪದರವಾಗಿ ಕೂತ ಮರಳು ಗಟ್ಟಿಯಾಗಿ, ಮಡಿಕೆ ಬಿದ್ದು, ಬೆಟ್ಟವಾಗಿ ಎದ್ದದ್ದು ಈ ನಲ್ಲಮಲ. ವಯಸ್ಸು ನೂರು ಕೋಟಿ ವರ್ಷಕ್ಕೂ ಹೆಚ್ಚು. ಭೀಮುನಿ ಕೊಲನು ಎಂಬಲ್ಲಿ ಆ ಬೆಟ್ಟ ಎರಡಾಗಿ ಸೀಳಿ ಕೊಳ್ಳವಾಗಿದೆ. ಕಡಿದಾದ ಮೆಟ್ಟಿಲುಗಳಲ್ಲಿ ಆಳಕ್ಕೆ ಇಳಿಯಬೇಕು, ಅಷ್ಟೇ ಎತ್ತರ ಮತ್ತೆ ಹತ್ತಬೇಕು. ಕೆಳಗೆ ನಿಂತು ಕತ್ತೆತ್ತಿದರೆ ಎರಡೂ ಬದಿಗೆ ಕೆಂಪು ಕಲ್ಲಿನ ಗೋಡೆ, ನಡುವೆ ಒಂದು ಪಟ್ಟಿ ಆಕಾಶ. ‘ನಾನು ನಡೆದೆ’ ಎಂಬ ಹೆಮ್ಮೆ ಅಲ್ಲಿ ಉಳಿಯುವುದಿಲ್ಲ. ಏದುಸಿರು ಬಿಡುತ್ತ ಹತ್ತುವ ಅಜ್ಜಿಗೆ ಹಿಂದಿನಿಂದ ಯಾರೋ ಒಬ್ಬ ಅಂಗೈ ಕೊಡುತ್ತಾನೆ. ಅವನ ಭಾಷೆ ತೆಲುಗು, ಅವಳದು ಕನ್ನಡ; ಮೆಟ್ಟಿಲು ಹತ್ತಲು ಅದು ಅಡ್ಡಿಯಾಗುವುದಿಲ್ಲ.

ಕೃಷ್ಣಪಕ್ಷದ ಕೊನೆಯ ದಿನಗಳಾದ್ದರಿಂದ ರಾತ್ರಿಗೆ ಚಂದ್ರನಿಲ್ಲ. ಪೆಚ್ಚೆರುವಿನಂಥ ತಂಗುದಾಣದಲ್ಲಿ ಸಾವಿರಾರು ಜನ ಬರಿ ನೆಲದ ಮೇಲೆ ಟವೆಲ್ ಹಾಸಿ ಮಲಗುತ್ತಾರೆ. ಮೇಲೆ ಎಣಿಸಲಾಗದ ಚಿಕ್ಕೆಗಳು. ಊರಿನ ದೀಪದ ಕೆಳಗೆ ಬದುಕುವ ನಾವು ಮರೆತೇ ಬಿಟ್ಟ ಆಕಾಶ ಅದು. ಈ ಕಾಡು ಚೆಂಚು ಜನರ ಮನೆ. ಮಲ್ಲಯ್ಯ ತಮ್ಮ ಹುಡುಗಿಯನ್ನು ಮೆಚ್ಚಿ ಮದುವೆಯಾದ ಎನ್ನುವುದು ಅವರ ನಂಬಿಕೆ. ಅವರು ಅವನನ್ನು ಚೆಂಚು ಮಲ್ಲಯ್ಯ ಎಂದೇ ಕರೆಯುತ್ತಾರೆ. ಬಯಲುಸೀಮೆಯ ಒಕ್ಕಲಿಗನಿಗೂ ಅಳಿಯ, ಕಾಡಿನ ಜೇನು ಕೀಳುವವನಿಗೂ ಅಳಿಯ: ಈ ದೇವರನ್ನು ಎಲ್ಲರೂ ನೆಂಟಸ್ತಿಕೆಯಲ್ಲಿ ಕಟ್ಟಿಹಾಕಿದ್ದಾರೆ.

ಕೈಲಾಸದ್ವಾರ ದಾಟಿದರೆ ಶ್ರೀಶೈಲ. ಹದಿನಾಲ್ಕನೆಯ ಶತಮಾನದಲ್ಲಿ ರೆಡ್ಡಿ ಅರಸು ಪ್ರೋಲಯ ವೇಮ ಯಾತ್ರಿಕರಿಗಾಗಿ ಈ ಕ್ಷೇತ್ರಕ್ಕೆ ಮೆಟ್ಟಿಲು ಕಟ್ಟಿಸಿದ, ಅದೂ ದಾಸೋಹವೇ. ಹನ್ನೆರಡನೆಯ ಶತಮಾನದಲ್ಲಿ ಅಕ್ಕಮಹಾದೇವಿ ತನ್ನ ಚೆನ್ನಮಲ್ಲಿಕಾರ್ಜುನನನ್ನು ಅರಸಿ ಬಂದದ್ದೂ ಇಲ್ಲಿಗೇ. ಅವಳ ಹೆಸರಿನ ಗವಿ ಕೃಷ್ಣೆಯ ದಂಡೆಯಲ್ಲಿದೆ. ಪಾತಾಳಗಂಗೆಗಿಳಿದು ಕೃಷ್ಣೆಯಲ್ಲಿ ಮುಳುಗಿ ಎದ್ದವರು ಸರತಿಯಲ್ಲಿ ನಿಲ್ಲುತ್ತಾರೆ. ಗರ್ಭಗುಡಿಯ ಮುಂದೆ ಸಿಗುವುದು ಕೆಲವೇ ಕ್ಷಣ. ಆದರೆ ಯಾರ ಮುಖದಲ್ಲೂ ಕೊರತೆ ಕಾಣುವುದಿಲ್ಲ. ಹೂತ ಮುತ್ತುಗದಲ್ಲಿ, ಕೊಳ್ಳದ ಆಳದಲ್ಲಿ, ರೊಟ್ಟಿ ಚಾಚಿದ ಕೈಯಲ್ಲಿ ಅವರು ಅವನನ್ನು ದಾರಿಯುದ್ದಕ್ಕೂ ನೋಡುತ್ತಲೇ ಬಂದಿದ್ದಾರೆ.

ಒಂದು ನೋವೂ ಇದೆ. ಹಬ್ಬ ಮುಗಿದ ಮೇಲೆ ಆ ಹಾದಿಯಲ್ಲಿ ಉಳಿಯುವ ಪ್ಲಾಸ್ಟಿಕ್ ಬಾಟಲಿ, ನೀರಿನ ಪಾಕೀಟು, ಗುಟ್ಕಾ ಚೀಟಿ. ಒಣಗಿದ ಕಾಡಿನಲ್ಲಿ ಒಂದು ಬೀಡಿಯ ಕಿಡಿ ಸಾಕು, ಹಕ್ಕಿಯ ಗೂಡಿನಿಂದ ಹಿಡಿದು ಎಳೆ ಬಿದಿರಿನ ತನಕ ಎಲ್ಲ ಬೂದಿ. ಮಲ್ಲಯ್ಯನ ಅಂಗಳವನ್ನು ಕೊಳೆ ಮಾಡಿ ಮಲ್ಲಯ್ಯನಿಗೆ ಕೈಮುಗಿದರೆ ಆ ಭಕ್ತಿ ಪೂರ್ತಿಯಾಗುವುದಿಲ್ಲ. ಕಸ ಹೆಕ್ಕುತ್ತ ನಡೆಯುವ ತರುಣರ ತಂಡಗಳನ್ನು ಕಂಡರೆ ಅವರಿಗೂ ಒಂದು ಶರಣು ಹೇಳಬೇಕು.

ಮುಂದಿನ ಯುಗಾದಿಗೆ ನೀವೂ ಹೊರಡಿ. ಹೆಗಲಿಗೆ ಒಂದು ಬಟ್ಟೆಯ ಚೀಲ, ಅದರಲ್ಲಿ ಸ್ಟೀಲಿನ ತಾಟು, ಲೋಟ ಇರಲಿ. ನಡೆಯಲು ಆಗದಿದ್ದರೆ ದಾಸೋಹದ ಯಾವುದಾದರೂ ಪೆಂಡಾಲಿನಲ್ಲಿ ರೊಟ್ಟಿ ಬಡಿಸಿ, ದಣಿದ ಕಾಲು ತೊಳೆಯಿರಿ. ಕಾಡಿನಲ್ಲಿ ಹೆಜ್ಜೆಯ ಹೊರತು ಏನನ್ನೂ ಬಿಟ್ಟು ಬರಬೇಡಿ. ದರ್ಶನ ಮುಗಿಸಿ ಊರಿಗೆ ಬಂದ ಮೇಲೆ ಸಿದ್ಧರಾಮನನ್ನು ನೆನೆದು ನಿಮ್ಮೂರಿನ ಕೆರೆಯ ಹೂಳಿಗೆ ಕೈಹಾಕಿ. ಶ್ರೀಶೈಲದ ಯಾತ್ರೆ ಸಂಪೂರ್ಣವಾಗುವುದು ಆಗಲೇ.