ಸ್ಟಾರ್ಟರ್ ಬಾಕ್ಸಿಗೆ ಟೆಸ್ಟರ್ ಸಾಲದು

ಚಳ್ಳಕೆರೆ, ಮೊಳಕಾಲ್ಮುರು ಕಡೆಯ ಹೊಲಗಳಲ್ಲಿ ಸ್ಕ್ರೂಡ್ರೈವರ್ ಎಂದರೆ ಬಹುತೇಕ ಟೆಸ್ಟರೇ. ಕರೆಂಟು ಬಂತೇ ಎಂದು ನೋಡುವುದೂ ಅದರಲ್ಲಿ, ಸ್ಟಾರ್ಟರಿನ ಸಡಿಲ ವೈರು ಬಿಗಿಯುವುದೂ ಅದರಲ್ಲೇ. ರಾಜ್ಯದಲ್ಲೇ ತೀರಾ ಕಡಿಮೆ ಮಳೆ ಕಾಣುವ ಸೀಮೆ ಇದು. ಶೇಂಗಾ ಮಳೆಯನ್ನು ನಂಬಿಕೊಂಡೀತು, ದಾಳಿಂಬೆಗೂ ಟೊಮೆಟೊಗೂ ಬೋರ್‌ವೆಲ್ಲೇ ಗತಿ. ಆ ಬೋರಿನ ಜೀವ ಸ್ಟಾರ್ಟರಿನ ನಾಲ್ಕಾರು ಸ್ಕ್ರೂಗಳಲ್ಲಿದೆ.

ಸ್ಕ್ರೂ ಸಡಿಲವಾದರೆ ವೈರು ಕೂತ ಜಾಗ ಬಿಸಿಯಾಗುತ್ತದೆ, ಕಪ್ಪಾಗುತ್ತದೆ, ಸಂಪರ್ಕ ಇನ್ನಷ್ಟು ಕೆಡುತ್ತದೆ. ಕೊನೆಗೊಮ್ಮೆ ಒಂದು ಫೇಸ್ ತಪ್ಪುತ್ತದೆ. ಎರಡೇ ಫೇಸಿನಲ್ಲಿ ಓಡುವ ಮೋಟಾರು ಉಳಿದ ವೈಂಡಿಂಗ್‌ನಲ್ಲಿ ವಿಪರೀತ ಕರೆಂಟು ಎಳೆಯುತ್ತದೆ. ರಿಲೇ ಟ್ರಿಪ್ ಆಗದಿದ್ದರೆ ಸುಟ್ಟೇ ಹೋಗುತ್ತದೆ. ನೂರಾರು ಅಡಿ ಆಳದಿಂದ ಪೈಪು ಎತ್ತಿಸಿ, ವೈಂಡಿಂಗ್ ಕಟ್ಟಿಸಿ, ಮತ್ತೆ ಇಳಿಸುವಷ್ಟರಲ್ಲಿ ಗಿಡ ಬಾಡಿರುತ್ತದೆ. ಅಲ್ಯೂಮಿನಿಯಂ ವೈರಾದರೆ ಇನ್ನೂ ಎಚ್ಚರ ಬೇಕು. ಅದು ಮೆತ್ತಗಿನ ಲೋಹ, ಸ್ಕ್ರೂ ಒತ್ತಡಕ್ಕೆ ನಿಧಾನವಾಗಿ ಚಪ್ಪಟೆಯಾಗಿ ಹಿಡಿತ ತಾನೇ ಸಡಿಲುತ್ತದೆ.

ಇಂಥ ಕಡೆ ಟೆಸ್ಟರಿನ ಸಣಕಲು ತುದಿ ಏನೇನೂ ಸಾಲದು. ಹಿಡಿಯೊಳಗೆ ನಿಯಾನ್ ದೀಪವಿದೆ, ನಮ್ಮ ಮೈಮೂಲಕ ಹರಿಯುವ ಕರೆಂಟನ್ನು ಅಪಾಯವಿಲ್ಲದಷ್ಟಕ್ಕೆ ಇಳಿಸುವ ರೆಸಿಸ್ಟರ್ ಇದೆ. ಬಲ ಹಾಕಿ ತಿರುವಿದರೆ ಹಿಡಿ ಬಿರುಕು ಬಿಡುತ್ತದೆ. ಅದೇ ಹಿಡಿಯನ್ನು ಹಿಡಿದು 415 ವೋಲ್ಟಿನ ಪ್ಯಾನಲ್ಲಿಗೆ ಕೈ ಹಾಕುವುದು ಜೀವಕ್ಕೇ ಎರವು.

ಚಪ್ಪಟೆ ತುದಿಯದನ್ನು ಆರಿಸುವಾಗ ಎರಡು ಅಳತೆ ನೋಡಬೇಕು. ತುದಿಯ ಅಗಲ ಸ್ಕ್ರೂ ತಲೆಯ ಸೀಳಿನಷ್ಟೇ ಇರಬೇಕು, ದಪ್ಪ ಆ ಸೀಳನ್ನು ತುಂಬಬೇಕು. ಇಟ್ಟು ಅಲ್ಲಾಡಿಸಿ ನೋಡಿ, ಕದಲಿದರೆ ಅದು ಆ ಸ್ಕ್ರೂಗೆ ಹೊಂದುವುದಲ್ಲ. ಉದ್ದನೆಯದಕ್ಕೆ ಬಲ ಜಾಸ್ತಿ ಎಂಬ ನಂಬಿಕೆ ಹಲವರಿಗಿದೆ. ಬಲ ಬರುವುದು ಹಿಡಿಯ ದಪ್ಪದಿಂದ. ಸರಳು ಉದ್ದವಿದ್ದರೆ ಆಳದ ಜಾಗಕ್ಕೆ ಎಟಕುತ್ತದೆ, ನೇರವಾಗಿ ಹಿಡಿಯಲು ಅನುಕೂಲ, ಅಷ್ಟೇ.

ಪ್ಲಸ್ ತುದಿಯಲ್ಲೂ ಜಾತಿಗಳಿವೆ. 1930ರ ದಶಕದಲ್ಲಿ ಅಮೆರಿಕದ ಹೆನ್ರಿ ಫಿಲಿಪ್ಸ್ ಬಳಕೆಗೆ ತಂದ ಫಿಲಿಪ್ಸ್ ಸ್ಕ್ರೂವಿನ ಗುಳಿ ಇಳಿಜಾರಾಗಿದೆ. ಬಲ ಹೆಚ್ಚಾದರೆ ತುದಿ ಮೇಲಕ್ಕೆ ಜಾರುತ್ತದೆ, ಆದ್ದರಿಂದ ತಿರುವುವುದಕ್ಕಿಂತ ಒತ್ತುವುದೇ ಮುಖ್ಯ. ತಲೆಯ ಮೇಲೆ ಪ್ಲಸ್ಸಿನ ನಡುನಡುವೆ ನಾಲ್ಕು ಸಣ್ಣ ಗೆರೆ ಕಂಡರೆ ಅದು ಪೋಜಿಡ್ರೈವ್. ಎಂಸಿಬಿ, ಕಾಂಟ್ಯಾಕ್ಟರುಗಳಲ್ಲಿ ಇದು ಮಾಮೂಲು, ಪಿಝಡ್2 ತುದಿಯೇ ಬೇಕು. ಅಲ್ಲಿ ಫಿಲಿಪ್ಸ್‌ನ ಪಿಎಚ್2 ಕೂತಂತೆ ಕಂಡರೂ ಪೂರ್ತಿ ಕಚ್ಚುವುದಿಲ್ಲ. ಜಪಾನಿ ಮೂಲದ ಬೈಕುಗಳಲ್ಲಿ ಸಿಗುವ ಜೆಐಎಸ್ ಪ್ಲಸ್ ಇನ್ನೊಂದು ಬಗೆ. ಕಾರ್ಬ್ಯುರೇಟರ್ ಸ್ಕ್ರೂಗಳ ತಲೆ ಸವೆಯುವುದು ಹೆಚ್ಚಾಗಿ ಅಲ್ಲಿ ಫಿಲಿಪ್ಸ್ ತುದಿ ಹಾಕುವುದರಿಂದ.

ಮೊಳಕಾಲ್ಮುರಿನ ರೇಷ್ಮೆ ಮಗ್ಗದ ಮನೆಯಲ್ಲಿ ಈ ಜಾರುವಿಕೆಗೆ ಬೇರೆಯೇ ಬೆಲೆ ತೆರಬೇಕು. ಮಗ್ಗದ ಬಹುಪಾಲು ಮರ ಮತ್ತು ಹಗ್ಗ. ತಿರುಪುಗಳಿರುವುದು ನೆತ್ತಿಯ ಮೇಲಿನ ಜಕಾರ್ಡ್‌ನಂಥ ಕೆಲವು ಕಡೆ ಮಾತ್ರ, ಅದೂ ಹಾಸಿನ ಮೇಲ್ಗಡೆಯೇ. ಅಲ್ಲಿ ಕೈ ಜಾರಿ ತುದಿ ಕೆಳಗೆ ಬಿದ್ದರೆ ಹಾಸಿನ ಎಳೆಗಳು ಹರಿಯುತ್ತವೆ. ಮೊದಲು ಹಾಸಿನ ಮೇಲೆ ದಪ್ಪ ಬಟ್ಟೆ ಹೊದಿಸಿ.

ಹೊಲಕ್ಕೆ ಕೊಳ್ಳುವುದಾದರೆ 1000 ವೋಲ್ಟ್ ಗುರುತಿನ, ಸರಳಿಗೂ ಇನ್ಸುಲೇಶನ್ ಇರುವ ಎರಡು ಸಾಕು: ಸ್ಟಾರ್ಟರಿನ ಸ್ಕ್ರೂಗೆ ಹಿಡಿದು ನೋಡಿದ ಚಪ್ಪಟೆಯದೊಂದು, ಪಿಝಡ್2 ಇನ್ನೊಂದು. ಇವಿದ್ದರೂ ಮೇನ್ ಇಳಿಸದೆ ಬಾಕ್ಸು ಮುಟ್ಟಬೇಡಿ. ಟೆಸ್ಟರನ್ನು ನೋಡಲು ಮಾತ್ರ ಇಟ್ಟುಕೊಳ್ಳಿ, ಅದರ ಮಾತನ್ನೂ ಪೂರ್ತಿ ನಂಬಬೇಡಿ. ಓಡುತ್ತಿರುವ ಮೋಟಾರಿಗೆ ಒಂದು ಫೇಸ್ ತಪ್ಪಿದರೂ ವೈಂಡಿಂಗ್ ಮೂಲಕ ಹಿಂದಿರುಗಿದ ಕರೆಂಟಿಗೆ ಆ ವೈರಿನಲ್ಲೂ ದೀಪ ಹತ್ತುತ್ತದೆ. ಮೂರು ಫೇಸೂ ನಿಜವಾಗಿ ಬಂದಿವೆಯೇ ಎಂದು ತಿಳಿಯಲು ಎರಡೆರಡು ಫೇಸುಗಳ ನಡುವೆ ವೋಲ್ಟ್ ಮೀಟರಿನಲ್ಲೇ ನೋಡಬೇಕು.